ಸಹಪಂಕ್ತಿಯಿಲ್ಲದ ಆತಿಥ್ಯ: ಸಮರ್ಖಂದದ ಊಟ ಮತ್ತು ಕನ್ನಡನಾಡಿನ ಪಡಿ

ವಿಜಯನಗರವನ್ನು ಕುರಿತು ಬರೆದ ವಿದೇಶೀಯರಲ್ಲಿ ಅಬ್ದುರ್ ರಜಾಕನದು ಪ್ರಸಿದ್ಧ ಹೆಸರು. 1443ರಲ್ಲಿ ಎರಡನೆಯ ದೇವರಾಯನ ಆಸ್ಥಾನಕ್ಕೆ ಬಂದ ಈತನ ಬರಹವನ್ನು ಚರಿತ್ರಕಾರರು ಏಳು ಸುತ್ತಿನ ಕೋಟೆಗಾಗಿ, ಪೇಟೆಯ ರತ್ನವ್ಯಾಪಾರಕ್ಕಾಗಿ, ಮಹಾನವಮಿಯ ವರ್ಣನೆಗಾಗಿ ಮತ್ತೆ ಮತ್ತೆ ಬಳಸಿಕೊಂಡಿದ್ದಾರೆ. ಅದೇ ಬರಹದಲ್ಲಿ ಊಟವನ್ನು ಕುರಿತ ಒಂದು ಸಣ್ಣ ಸಂಗತಿಯೂ ಇದೆ. ನಿಮ್ಮ ದೊರೆಗಳು ರಾಯಭಾರಿಯನ್ನು ತಮ್ಮೊಡನೆ ಕೂರಿಸಿಕೊಂಡು ಉಣಬಡಿಸುತ್ತಾರೆ, ನಾವು ನೀವು ಕೂಡಿ ಉಣ್ಣುವಂತಿಲ್ಲ, ಆದ್ದರಿಂದ ಹೊನ್ನು ತುಂಬಿದ ಈ ಚೀಲವನ್ನೇ ನಾವು ಇಕ್ಕಿದ ಔತಣವೆಂದು ತಿಳಿಯಬೇಕು ಎಂಬ ಭಾವದ ಮಾತನ್ನು ದೇವರಾಯನು ಆತನಿಗೆ ಹೇಳಿದನೆಂದು ಅಲ್ಲಿ ದಾಖಲಾಗಿದೆ. ಸಮರ್ಖಂದ ಮೂಲದ ಅತಿಥಿ, ಕನ್ನಡನಾಡಿನ ಆತಿಥೇಯ, ನಡುವೆ ದಾಟಲಾಗದ ಒಂದು ಪಂಕ್ತಿ. ಆ ಪಂಕ್ತಿಯನ್ನು ಮುರಿಯದೆ ಅತಿಥಿಯನ್ನು ಗೌರವಿಸುವ ದಾರಿಯನ್ನು ಅರಸನು ಕಂಡುಕೊಂಡನು.

ಇಂದು ಅದೇ ಪ್ರಶ್ನೆ ದಿಕ್ಕು ಬದಲಿಸಿ ಬಂದು ನಿಂತಿದೆ. ಬೇಡಕಿಹಾಳ, ಭೋಜ, ಬೋರಗಾಂವ, ಸದಲಗಾ ಮುಂತಾದ ಗಡಿಭಾಗದ ಊರುಗಳ ಜೈನ ಕುಟುಂಬಗಳ ಮಕ್ಕಳು ವಿದ್ಯೆಗಾಗಿಯೂ ಉದ್ಯೋಗಕ್ಕಾಗಿಯೂ ಹೊರದೇಶಗಳಿಗೆ ಹೋಗುತ್ತಾರೆ. ತಾಷ್ಕೆಂಟ್, ಸಮರ್ಖಂದಗಳಲ್ಲಿ ಮಾತ್ರವಲ್ಲ, ಮಾಸ್ಕೋ, ಇಸ್ತಾಂಬುಲ್, ದುಬೈ, ನ್ಯೂಯಾರ್ಕ್ ನಗರಗಳಲ್ಲಿಯೂ ಉಜ್ಬೇಕ್ ಭೋಜನಶಾಲೆಗಳಿವೆ. ಸಹೋದ್ಯೋಗಿಗಳ ಒತ್ತಾಯಕ್ಕೋ ಸ್ನೇಹಿತರ ಸಂತೋಷಕ್ಕೋ ಅಂಥ ಒಂದು ಮೇಜಿನ ಮುಂದೆ ಕುಳಿತ ಶ್ರಾವಕನಿಗೆ ಎದುರಾಗುವ ತೊಡಕು ದೇವರಾಯನಿಗೆ ಎದುರಾದ ತೊಡಕೇ ಆಗಿದೆ. ವ್ರತವನ್ನು ಬಿಡಬೇಕೆ? ಇಲ್ಲವೆ ಆತಿಥ್ಯವನ್ನು ನಿರಾಕರಿಸಿ ಎದುರಿಗಿರುವವರ ಮನಸ್ಸನ್ನು ನೋಯಿಸಬೇಕೆ? ಈ ಎರಡನ್ನೂ ಬಿಟ್ಟು ಮೂರನೆಯ ದಾರಿಯೊಂದಿದೆ ಎಂಬುದಕ್ಕೆ ಕನ್ನಡನಾಡಿನ ಚರಿತ್ರೆಯೂ ಜೈನರ ಆಹಾರದಾನದ ಪದ್ಧತಿಯೂ ಸಾಕ್ಷಿ ನುಡಿಯುತ್ತವೆ.

ಉಜ್ಬೇಕರ ಊಟ

ಉಜ್ಬೇಕರ ಊಟದ ಕೇಂದ್ರದಲ್ಲಿರುವುದು ಪಲೋವ್. ಮನೆಮಾತಿನಲ್ಲಿ ಇದನ್ನು ಓಷ್ ಎಂದೂ ಕರೆಯುತ್ತಾರೆ. 2016ರಲ್ಲಿ ಯುನೆಸ್ಕೋ ಸಂಸ್ಥೆಯು ಉಜ್ಬೇಕಿಸ್ತಾನದ ಪಲೋವ್ ಸಂಸ್ಕೃತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನೆರೆಯ ತಜಿಕಿಸ್ತಾನದ ಪಲೋವಿಗೂ ಅದೇ ವರ್ಷ ಅದೇ ಮನ್ನಣೆ ದೊರೆಯಿತು. ಕಜಾನ್ ಎಂಬ ದಪ್ಪ ಕಬ್ಬಿಣದ ಬಾಣಲೆಯಲ್ಲಿ ಎಣ್ಣೆಯನ್ನೋ ಕೊಬ್ಬಿದ ಬಾಲದ ಕುರಿಯ ಕೊಬ್ಬನ್ನೋ ಕಾಯಿಸಿ, ಈರುಳ್ಳಿ, ಮಾಂಸ, ಸೀಳಿದ ಗಜ್ಜರಿ ಇವುಗಳನ್ನು ಒಂದಾದ ಮೇಲೊಂದರಂತೆ ಹುರಿದು ಬೇಯಿಸುತ್ತಾರೆ. ಜೀರಿಗೆ ಹಾಕುತ್ತಾರೆ, ಇಡೀ ಬೆಳ್ಳುಳ್ಳಿಯ ಗಡ್ಡೆಯನ್ನು ಸುಲಿಯದೆ ಹುದುಗಿಸುತ್ತಾರೆ, ಕೆಲವೆಡೆ ಕಡಲೆಯನ್ನೂ ಒಣದ್ರಾಕ್ಷಿಯನ್ನೂ ಸೇರಿಸುತ್ತಾರೆ. ಇದರ ಮೇಲೆ ಅಕ್ಕಿಯನ್ನು ಹರವಿ, ನೀರು ಇಂಗಿದ ಮೇಲೆ ಮುಚ್ಚಿ ಉಗಿಯಲ್ಲಿ ಬೇಯಿಸುತ್ತಾರೆ. ಮದುವೆಯಿರಲಿ, ಮರಣವಿರಲಿ, ಮಗುವಿನ ಜನನವಿರಲಿ, ನೂರಾರು ಮಂದಿಗೆ ಪಲೋವ್ ಇಕ್ಕದೆ ಕಾರ್ಯ ಮುಗಿಯುವುದಿಲ್ಲ.

ಪಲೋವಿನ ಜೊತೆಗೆ ನಾನ್ ಇರುತ್ತದೆ. ಅವರು ಅದನ್ನು ನೋನ್ ಎನ್ನುತ್ತಾರೆ. ಮಣ್ಣಿನ ಒಲೆಯ ಒಳಗೋಡೆಗೆ ಅಂಟಿಸಿ ಸುಡುವ ಈ ದುಂಡನೆಯ ರೊಟ್ಟಿಯ ನಡುವೆ ಮುಳ್ಳಿನ ಅಚ್ಚಿನಿಂದ ಚಿತ್ತಾರ ಒತ್ತಿರುತ್ತಾರೆ. ಅದನ್ನು ಬೋರಲು ಇಡಬಾರದು, ನೆಲದ ಮೇಲೆ ಎಸೆಯಬಾರದು, ಕೈಯಿಂದ ಮುರಿದು ಎಲ್ಲರಿಗೂ ಹಂಚಬೇಕು ಎಂಬುದು ಅಲ್ಲಿನ ಸಂಪ್ರದಾಯ. ಮನೆಯಿಂದ ದೂರಪ್ರಯಾಣಕ್ಕೆ ಹೊರಟವನು ರೊಟ್ಟಿಯನ್ನು ಒಂದು ತುತ್ತು ಕಚ್ಚಿ ಹೋಗುತ್ತಾನೆ. ಉಳಿದ ರೊಟ್ಟಿಯನ್ನು ಅವನು ಮರಳಿ ಬರುವವರೆಗೆ ಮನೆಯವರು ಕಾದಿಡುತ್ತಾರೆ. ಹಸಿರು ಚಹಾವನ್ನು ಸಣ್ಣ ಬಟ್ಟಲಿಗೆ ಸ್ವಲ್ಪ ಸ್ವಲ್ಪವೇ ಸುರಿಯುವುದು ಮರ್ಯಾದೆ. ಬಟ್ಟಲು ತುಂಬ ಸುರಿದರೆ ಅತಿಥಿ ಬೇಗ ಎದ್ದು ಹೋಗಲಿ ಎಂಬ ಸೂಚನೆ ಅದರಲ್ಲಿದೆಯೆಂದು ಭಾವಿಸುತ್ತಾರೆ. ಮತ್ತೆ ಮತ್ತೆ ಬಡಿಸಲು ಅವಕಾಶವಿರಬೇಕು ಎಂಬುದೇ ಅಲ್ಲಿನ ಆತಿಥ್ಯದ ನೀತಿ. ಇಂಥ ಜನರ ಮುಂದೆ ಬೇಡವೆನ್ನುವುದು ಸುಲಭವಲ್ಲ.

ಶ್ರಾವಕನ ಭಕ್ಷ್ಯಾಭಕ್ಷ್ಯ ವಿವೇಕ

ಈ ಊಟವನ್ನು ಜೈನ ಶ್ರಾವಕಾಚಾರದ ಅಳತೆಗೋಲಿನಿಂದ ನೋಡಿದರೆ ತೊಡಕಿನ ಆಳ ತಿಳಿಯುತ್ತದೆ. ಅಮೃತಚಂದ್ರನ ಪುರುಷಾರ್ಥಸಿದ್ಧ್ಯುಪಾಯವು ಮದ್ಯ, ಮಾಂಸ, ಮಧು ಮತ್ತು ಐದು ಉದುಂಬರ ಫಲಗಳ ತ್ಯಾಗವನ್ನು ಶ್ರಾವಕನಾಗುವವನು ಮೊದಲು ಮಾಡಬೇಕಾದ ತ್ಯಾಗವೆಂದು ವಿಧಿಸುತ್ತದೆ. ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರದಲ್ಲಿ ಮೊದಲ ಮೂರರ ತ್ಯಾಗದೊಡನೆ ಐದು ಅಣುವ್ರತಗಳು ಸೇರಿ ಅಷ್ಟಮೂಲಗುಣಗಳಾಗುತ್ತವೆ. ಗಡ್ಡೆಗೆಣಸುಗಳು ಅನಂತಕಾಯಗಳು. ಒಂದು ಗಡ್ಡೆಯಲ್ಲಿ ಅನಂತ ಜೀವಗಳು ಆಶ್ರಯ ಪಡೆದಿರುತ್ತವೆಂಬ ಕಾರಣದಿಂದ ಅವು ವರ್ಜ್ಯ. ಸೂರ್ಯಾಸ್ತದ ನಂತರ ಉಣ್ಣದಿರುವುದು ಇನ್ನೊಂದು ನಿಯಮ.

ಪಲೋವ್ ನಿಂತಿರುವುದೇ ಮಾಂಸ, ಈರುಳ್ಳಿ, ಗಜ್ಜರಿಗಳ ಮೇಲೆ. ಮಾಂಸವನ್ನು ತೆಗೆದರೂ ಉಳಿದೆರಡು ಗಡ್ಡೆಗಳೇ. ಬೆಳ್ಳುಳ್ಳಿಯೂ ಗಡ್ಡೆಯೇ. ಜೇನುತುಪ್ಪ ವರ್ಜ್ಯ. ಅಂಜೂರವೂ ಉದುಂಬರದ ಜಾತಿಯೆಂದು ಅನೇಕ ಶ್ರಾವಕರಿಗೆ ವರ್ಜ್ಯ. ಮಾರ್ಚ್ 21ರ ನವ್ರೂಜ್ ಹಬ್ಬದ ಸುಮಲಕ್ ಎಂಬ ಸಿಹಿಯಲ್ಲಿ ಮೊಳೆತ ಗೋಧಿ, ಹಿಟ್ಟು, ಎಣ್ಣೆ, ನೀರು ಇವಿಷ್ಟೇ ಇರುತ್ತವೆ. ಮಾಂಸದ ಸೋಂಕಿಲ್ಲದ ಈ ತಿನಿಸನ್ನು ಹೆಂಗಸರು ಒಟ್ಟುಗೂಡಿ ರಾತ್ರಿಯಿಡೀ ಕಲಕುತ್ತ ಬೇಯಿಸುತ್ತಾರೆ. ಸಾಮಾನ್ಯ ಸಸ್ಯಾಹಾರಿಗೆ ಇದರಲ್ಲಿ ಅಡ್ಡಿಯಿಲ್ಲ. ಕಟ್ಟುನಿಟ್ಟಿನ ವ್ರತಿಗೆ ಮಾತ್ರ ಮೊಳಕೆಯೂ ರಾತ್ರಿಯ ಪಾಕವೂ ಎರಡು ತಡೆಗಳು. ಸಸ್ಯಾಹಾರವೆಂಬ ಪದ ಜೈನ ಆಹಾರನೀತಿಯನ್ನು ಪೂರ್ತಿಯಾಗಿ ಹೇಳಲಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಆಚರಣೆಯಲ್ಲಿ ಎಲ್ಲರೂ ಒಂದೇ ಸಮನಾಗಿಲ್ಲ ಎಂಬುದನ್ನೂ ಹೇಳಬೇಕು. ಚಿಕ್ಕೋಡಿ, ನಿಪ್ಪಾಣಿ ಸೀಮೆಯ ಜೈನರಲ್ಲಿ ಬಹುಸಂಖ್ಯರು ಒಕ್ಕಲುಮಕ್ಕಳು. ಕಬ್ಬು, ಜೋಳ, ತಂಬಾಕುಗಳ ನಡುವೆ ಬಾಳುವವರು. ಮಾಂಸ, ಮದ್ಯಗಳ ವಿಷಯದಲ್ಲಿ ಇವರಲ್ಲಿ ವಿಕಲ್ಪವಿಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿಗಳನ್ನು ಕೆಲವರು ಜೀವನಪರ್ಯಂತ ಬಿಟ್ಟಿರುತ್ತಾರೆ, ಕೆಲವರು ಚಾತುರ್ಮಾಸದಲ್ಲಿ ಬಿಡುತ್ತಾರೆ, ಕೆಲವರು ಅಷ್ಟಮಿ, ಚತುರ್ದಶಿಗಳಂಥ ಪರ್ವದಿನಗಳಲ್ಲಿ ಮಾತ್ರ ಬಿಡುತ್ತಾರೆ. ವ್ರತವು ಅವರವರ ಶಕ್ತಿಗೆ ತಕ್ಕಂತೆ ಸ್ವೀಕೃತವಾದದ್ದು. ಒಬ್ಬರ ವ್ರತದಿಂದ ಇನ್ನೊಬ್ಬರನ್ನು ಅಳೆಯುವ ಪದ್ಧತಿ ಅಲ್ಲಿಲ್ಲ.

ರೂಪ ಹೊರಗಿನದು, ಹೂರಣ ಮನೆಯದು

ಹೊರನಾಡಿನ ತಿನಿಸು ಎಂಬ ಕಾರಣಕ್ಕೇ ಕನ್ನಡ ಜೈನರು ಯಾವುದನ್ನಾದರೂ ತಿರಸ್ಕರಿಸಿದರೆ? ಪಾಕಸಾಹಿತ್ಯವನ್ನು ನೋಡಿದರೆ ಹಾಗೆ ಅನ್ನಿಸುವುದಿಲ್ಲ. ಕನ್ನಡದಲ್ಲಿ ಅಡುಗೆಯನ್ನು ಶಾಸ್ತ್ರವಿಷಯವಾಗಿ ಬರೆದವರಲ್ಲಿ ಜೈನರು ಮುಂಚೂಣಿಯವರು. ಚಾಲುಕ್ಯ ಎರಡನೆಯ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ ಎರಡನೆಯ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ಜ್ಯೋತಿಷ, ವಾಸ್ತು, ವೃಕ್ಷಾಯುರ್ವೇದ, ಸುಗಂಧಗಳ ಜೊತೆಗೆ ಸೂಪಶಾಸ್ತ್ರಕ್ಕೂ ಒಂದು ಅಧ್ಯಾಯವಿದೆ. 1508ರ ಸುಮಾರಿಗೆ ಮೂರನೆಯ ಮಂಗರಸನು ಷಟ್ಪದಿಯಲ್ಲಿ ಸೂಪಶಾಸ್ತ್ರವೆಂಬ ಸ್ವತಂತ್ರ ಗ್ರಂಥವನ್ನೇ ಬರೆದನು. ಹಿಟ್ಟಿನ ತಿನಿಸು, ಅನ್ನ, ಪಾನಕ, ಬದನೆ, ಬಾಳೆ, ಹಲಸುಗಳ ಬಗೆಬಗೆಯ ಪಾಕಗಳು ಅದರಲ್ಲಿವೆ. ಇವುಗಳಿಗೂ ಹಿಂದಿನ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಉಲ್ಲೇಖವಿದೆ. ಇಂದಿನ ಇಡ್ಲಿಯ ಪೂರ್ವರೂಪವನ್ನು ಅರಸುವವರು ಜೈನ ಗದ್ಯಕಥೆಯೊಂದಕ್ಕೆ ಹೋಗಬೇಕಾಗಿರುವುದು ಆಕಸ್ಮಿಕವಲ್ಲ. ಆಹಾರದಾನವನ್ನು ಪುಣ್ಯದ ಮೂಲವೆಂದು ಬಗೆದ ಧರ್ಮದ ಕಥೆಗಳಲ್ಲಿ ಏನನ್ನು ಬಡಿಸಿದರು ಎಂಬುದು ಮುಖ್ಯವಾಗುತ್ತದೆ. ಕಲ್ಯಾಣದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದ ಅನ್ನಭೋಗದಲ್ಲಿ ಮಾಂಸಪಾಕಗಳೂ ವಿಸ್ತಾರವಾಗಿ ಬರುತ್ತವೆ. ಅದು ಅರಸನ ಭೋಗದ ಗ್ರಂಥ. ಮಂಗರಸನದು ಸಸ್ಯಪಾಕಗಳ ಗ್ರಂಥ. ಒಂದೇ ನಾಡಿನಲ್ಲಿ ಎರಡು ಅಡುಗೆಮನೆಗಳು ಅಕ್ಕಪಕ್ಕದಲ್ಲಿದ್ದವು.

ಈ ನಾಡಿಗೆ ಪಶ್ಚಿಮ ಹಾಗೂ ಮಧ್ಯ ಏಷ್ಯಾದ ತಿನಿಸುಗಳು ಬಂದದ್ದು ಬಹುಮಟ್ಟಿಗೆ ಬಹಮನಿ ಮತ್ತು ಆದಿಲಶಾಹಿ ಆಳಿಕೆಗಳ ಮೂಲಕ. ಕುದುರೆ ವ್ಯಾಪಾರಿಗಳು, ಸೈನಿಕರು, ವಿದ್ವಾಂಸರು ಬೀದರಕ್ಕೂ ಬಿಜಾಪುರಕ್ಕೂ ಬಂದರು. 1472ರಲ್ಲಿ ಬೀದರದಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನನು ಕ್ಯಾಸ್ಪಿಯನ್ ತೀರದ ಗಿಲಾನಿನವನು. ಬಿಜಾಪುರದಿಂದ ಕರಾವಳಿಯ ಕಡೆಗೆ ಹೋಗುವ ದಾರಿಯಲ್ಲಿದ್ದ ಅಥಣಿ, ರಾಯಬಾಗಗಳು ಆ ಕಾಲದ ವ್ಯಾಪಾರದ ಪೇಟೆಗಳು. ಕರಬೂಜ, ಬಾದಾಮಿ, ಪಿಸ್ತಾ, ನಾನ್, ಪಲಾವ್, ಸಮೋಸ ಎಂಬ ಮಾತುಗಳು ಇಂದು ಕನ್ನಡದವೇ ಆಗಿಬಿಟ್ಟಿವೆ.

ಇವುಗಳಲ್ಲಿ ಸಮೋಸದ ಚರಿತ್ರೆ ವಿಶೇಷವಾದದ್ದು. ಪಾರಸಿಯ ಸಂಬೂಸಾ, ಉಜ್ಬೇಕರ ಸೋಮ್ಸಾ, ನಮ್ಮ ಸಮೋಸ ಇವು ಒಂದೇ ಬಳ್ಳಿಯ ಕಾಯಿಗಳು. ದೆಹಲಿಯ ಮುಹಮ್ಮದ್ ಬಿನ್ ತುಘಲಕನ ಅರಮನೆಯ ಊಟದಲ್ಲಿ ಕೊಚ್ಚಿದ ಮಾಂಸ, ಬಾದಾಮಿ, ಅಕ್ರೋಟು, ಪಿಸ್ತಾ, ಈರುಳ್ಳಿ, ಮಸಾಲೆಗಳನ್ನು ತೆಳ್ಳನೆಯ ಹಾಳೆಯಲ್ಲಿ ಸುತ್ತಿ ತುಪ್ಪದಲ್ಲಿ ಕರಿದ ಸಮೂಸಕ್ ಬರುತ್ತಿತ್ತೆಂದು ಇಬ್ನ್ ಬತೂತ ಬರೆದಿದ್ದಾನೆ. ಉಜ್ಬೇಕರಲ್ಲಿ ಅದು ಇಂದಿಗೂ ಮಾಂಸದ ಹೂರಣದೊಡನೆ ಒಲೆಯಲ್ಲಿ ಬೇಯುತ್ತದೆ. ಕುಂಬಳಕಾಯಿಯ ಹೂರಣವೂ ವಸಂತದಲ್ಲಿ ಸೊಪ್ಪಿನ ಹೂರಣವೂ ಉಂಟು. ಭಾರತದಲ್ಲಿ ಹೊರಗಿನ ಹಿಟ್ಟಿನ ರೂಪ ಹಾಗೆಯೇ ಉಳಿದು ಒಳಗಿನದು ಬದಲಾಯಿತು. ಮೊದಲು ಮಾಂಸ ಹೋಗಿ ಆಲೂಗಡ್ಡೆ ಬಂತು. ಜೈನರ ಮನೆಯಲ್ಲಿ ಆಲೂಗಡ್ಡೆಯೂ ಹೋಗಿ ಬಟಾಣಿ, ಬೇಳೆ, ಬಾಳೆಕಾಯಿ ಬಂದವು.

ಈ ರೂಪ ಮತ್ತು ಹೂರಣಗಳ ಭೇದವನ್ನು ಜನ್ನನ ಯಶೋಧರ ಚರಿತೆ (1209) ಬಲ್ಲವರು ಬೇರೊಂದು ಬೆಳಕಿನಲ್ಲಿ ನೋಡಬಹುದು. ಅಲ್ಲಿ ಹಿಟ್ಟಿನ ಕೋಳಿಯನ್ನು ಬಲಿ ಕೊಡಲಾಗುತ್ತದೆ. ಒಳಗಿರುವುದು ಹಿಟ್ಟೇ ಆದರೂ ಕೊಲ್ಲುವ ಸಂಕಲ್ಪವಿದ್ದುದರಿಂದ ಜನ್ಮಜನ್ಮಾಂತರದ ದುಃಖ ಬೆನ್ನುಹತ್ತುತ್ತದೆ. ಸಮೋಸದ ಕಥೆ ಇದರ ತಿರುಗುಮುರುಗು. ಮಾಂಸದ ತಿನಿಸಾಗಿದ್ದ ರೂಪ ಉಳಿಯಿತು, ಹಿಂಸೆಯ ಸಂಕಲ್ಪ ಕಳಚಿತು. ತಿನಿಸಿನ ಹುಟ್ಟೂರು ಯಾವುದು ಎಂದು ಜೈನ ಪಾಕಶಾಲೆ ಕೇಳಲಿಲ್ಲ. ಒಳಗೆ ಏನಿದೆ, ಯಾವ ಭಾವದಿಂದ ಮಾಡಿದ್ದು, ಯಾವ ಹೊತ್ತಿನಲ್ಲಿ ಉಣ್ಣುವುದು ಎಂದು ಕೇಳಿತು.

ಪರದೇಶದವರು ಕಂಡ ಕನ್ನಡದ ಊಟ

ಪರರ ಊಟದ ಮುಂದೆ ತೊಡಕು ಅನುಭವಿಸಿದವರು ಕನ್ನಡಿಗರು ಮಾತ್ರವಲ್ಲ. ಬುಖಾರಾ, ಸಮರ್ಖಂದಗಳನ್ನು ಹಾಯ್ದು ಭಾರತಕ್ಕೆ ಬಂದಿದ್ದ ಇಬ್ನ್ ಬತೂತನು ಹದಿನಾಲ್ಕನೆಯ ಶತಮಾನದ ಐದನೆಯ ದಶಕದಲ್ಲಿ ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಮನೆಯಲ್ಲಿ ಉಂಡ ಊಟವನ್ನು ವಿವರವಾಗಿ ಬಣ್ಣಿಸಿದ್ದಾನೆ. ಮೊದಲು ಅನ್ನ, ಮೇಲೆ ತುಪ್ಪ, ಬದಿಗೆ ಮೆಣಸು, ಶುಂಠಿ, ನಿಂಬೆ, ಮಾವುಗಳ ಉಪ್ಪಿನಕಾಯಿ. ಬಳಿಕ ಕೋಳಿ, ಮೀನು, ತುಪ್ಪದಲ್ಲಿ ಬೇಯಿಸಿದ ಕಾಯಿಪಲ್ಯ, ಪ್ರತಿಯೊಂದಕ್ಕೂ ಮತ್ತೆ ಅನ್ನ. ಕೊನೆಗೆ ಮೊಸರು. ಮೊಸರು ಬಂದಿತೆಂದರೆ ಊಟ ಮುಗಿಯಿತೆಂದು ತಿಳಿಯಬೇಕು ಎಂದು ಆತ ಗುರುತಿಸುತ್ತಾನೆ. ರೊಟ್ಟಿಯ ನಾಡಿನಿಂದ ಬಂದ ಈತನು ತಿಂಗಳುಗಟ್ಟಲೆ ಬರಿ ಅನ್ನವನ್ನೇ ಉಂಡು ಬೇಸತ್ತು, ಮುಂದೆ ಮಲಬಾರ್, ಸಿಂಹಳ, ಮಾಲ್ದೀವುಗಳಲ್ಲಿಯೂ ಅದನ್ನೇ ಉಣ್ಣಬೇಕಾಗಿ ಬಂದಾಗ ನೀರಿನ ಸಹಾಯದಿಂದ ನುಂಗಬೇಕಾಯಿತೆಂದು ಹೇಳಿಕೊಂಡಿದ್ದಾನೆ.

1470ರ ಸುಮಾರಿಗೆ ಬೀದರದಲ್ಲಿದ್ದ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನನ ಟಿಪ್ಪಣಿಗಳು ಇನ್ನೂ ಕುತೂಹಲಕರ. ತಾನು ಕಂಡ ಹಿಂದೂಗಳು ಮಾಂಸ, ಮೀನುಗಳನ್ನು ತಿನ್ನುವುದಿಲ್ಲ, ದಿನಕ್ಕೆರಡು ಸಲ ಉಣ್ಣುತ್ತಾರೆ, ರಾತ್ರಿ ಉಣ್ಣುವುದಿಲ್ಲ, ಮದ್ಯ ಕುಡಿಯುವುದಿಲ್ಲ, ಮುಸಲ್ಮಾನರೊಡನೆ ಕೂಡಿ ಉಣ್ಣುವುದಿಲ್ಲ, ಅನ್ನವನ್ನೂ ತುಪ್ಪ ಹಾಕಿದ ಖಿಚಡಿಯನ್ನೂ ಬಲಗೈಯಿಂದ ಉಣ್ಣುತ್ತಾರೆ ಎಂದು ಆತ ಬರೆದಿದ್ದಾನೆ. ಪ್ರಯಾಣದಲ್ಲಿ ಪ್ರತಿಯೊಬ್ಬನೂ ತನ್ನ ಅಡುಗೆಯ ಪಾತ್ರೆಯನ್ನು ತಾನೇ ಒಯ್ಯುತ್ತಾನೆ, ಅನ್ಯರ ದೃಷ್ಟಿ ಊಟದ ಮೇಲೆ ಬಿದ್ದರೆ ಆ ಊಟವನ್ನು ಬಿಡುತ್ತಾನೆ ಎಂಬ ಸಂಗತಿಯೂ ಅಲ್ಲಿದೆ. ರಾತ್ರಿಭೋಜನತ್ಯಾಗವು ಜೈನರ ಹೆಗ್ಗುರುತು. ನಿಕಿತಿನನ ಕಣ್ಣಿಗೆ ಬಿದ್ದವರಲ್ಲಿ ಜೈನ ವ್ಯಾಪಾರಿಗಳು ಇದ್ದಿರಬಹುದೆಂದು ಊಹಿಸಲು ಅವಕಾಶವಿದೆ. ತನ್ನ ಪಾತ್ರೆಯನ್ನು ತಾನೇ ಹೊತ್ತು ಪರದೇಶದಲ್ಲಿ ಬಾಳುವ ಪದ್ಧತಿಗೆ ಐದು ಶತಮಾನಗಳಿಗೂ ಹಿಂದಿನ ದಾಖಲೆ ಇದು.

ಮಧ್ಯ ಏಷ್ಯಾದವನಾದ ಬಾಬರನ ಹಂಬಲವೂ ಇದಕ್ಕೆ ಸಮಾನವಾದದ್ದೇ. ಇಂದಿನ ಉಜ್ಬೇಕಿಸ್ತಾನದ ಅಂದಿಜಾನದಲ್ಲಿ 1483ರಲ್ಲಿ ಹುಟ್ಟಿ, ಸಮರ್ಖಂದವನ್ನು ಉಜ್ಬೇಕರಿಗೆ ಸೋತು ದಕ್ಷಿಣಕ್ಕೆ ಸರಿದ ಈತನು ಹಿಂದೂಸ್ತಾನದಲ್ಲಿ ಒಳ್ಳೆಯ ದ್ರಾಕ್ಷಿಯಿಲ್ಲ, ಕರಬೂಜವಿಲ್ಲ, ಪೇಟೆಯಲ್ಲಿ ಒಳ್ಳೆಯ ರೊಟ್ಟಿಯಿಲ್ಲ ಎಂದು ತನ್ನ ಆತ್ಮಕಥೆಯಲ್ಲಿ ದೂರಿದ್ದಾನೆ. ತವರಿನ ಕಡೆಯಿಂದ ಬಂದ ಕರಬೂಜವನ್ನು ಕೊಯ್ದಾಗ ಕಣ್ಣೀರು ತಂದುಕೊಂಡಿದ್ದಾನೆ. ಗೆದ್ದ ನಾಡಿನಲ್ಲಿಯೂ ನಾಲಗೆ ಪರದೇಶಿಯಾಗಿಯೇ ಉಳಿಯಿತು.

ಅಬ್ದುರ್ ರಜಾಕನ ಪಡಿ

ಈ ಎಲ್ಲ ಪ್ರಸಂಗಗಳಲ್ಲಿ ವಿಜಯನಗರದ್ದು ಏಕೆ ಮುಖ್ಯ ಎಂಬುದನ್ನು ಈಗ ನೋಡಬಹುದು. ಅಬ್ದುರ್ ರಜಾಕನು 1413ರಲ್ಲಿ ಹೆರಾತಿನಲ್ಲಿ ಹುಟ್ಟಿದವನು. ಆತನ ತಂದೆ ಸಮರ್ಖಂದದವನಾದ್ದರಿಂದ ಸಮರ್ಖಂದಿ ಎಂಬ ಹೆಸರು ಬಂತು. ಆತನನ್ನು ಇಂದಿನ ಅರ್ಥದಲ್ಲಿ ಉಜ್ಬೇಕನೆನ್ನುವುದು ಸರಿಯಲ್ಲ. ಆಗ ಉಜ್ಬೇಕ್ ಎಂಬುದು ಹುಲ್ಲುಗಾವಲಿನ ಅಲೆಮಾರಿ ಕುಲಗಳ ಹೆಸರಾಗಿತ್ತು. ಆದರೆ ಇಂದಿನ ಉಜ್ಬೇಕಿಸ್ತಾನವು ತನ್ನ ಪರಂಪರೆಯೆಂದು ಹೇಳಿಕೊಳ್ಳುವ ತೈಮೂರಿ ಸಂಸ್ಕೃತಿಯ ಪ್ರತಿನಿಧಿ ಆತ. ತೈಮೂರನ ಮಗ ಶಾರುಖನ ರಾಯಭಾರಿಯಾಗಿ ಹೊರಟು, ಹೊರ್ಮುಜ್, ಕಲ್ಲಿಕೋಟೆ, ಮಂಗಳೂರುಗಳ ಮೂಲಕ 1443ರ ಏಪ್ರಿಲ್ ಕೊನೆಯ ವೇಳೆಗೆ ವಿಜಯನಗರವನ್ನು ತಲುಪಿದನು.

ಆತನಿಗೆ ಎತ್ತರವಾದ ಮನೆಯೊಂದನ್ನು ಬಿಡಾರವಾಗಿ ಕೊಟ್ಟರು. ಅರಸನ ಮೊದಲ ದರ್ಶನದಲ್ಲಿ ಹಲವು ಪದರದ ಬಟ್ಟೆ ತೊಟ್ಟು ಬೆವರುತ್ತಿದ್ದ ಅತಿಥಿಯನ್ನು ಕಂಡು ದೇವರಾಯನು ತನ್ನ ಕೈಯ ಬೀಸಣಿಗೆಯನ್ನೇ ಕೊಟ್ಟನು. ಬಳಿಕ ಹರಿವಾಣದಲ್ಲಿ ವೀಳ್ಯ, ಪಣಗಳ ಚೀಲ, ಕರ್ಪೂರ ಬಂದವು. ಅಂದಿನಿಂದ ದಿನವೂ ಎರಡು ಕುರಿ, ನಾಲ್ಕು ಜೋಡಿ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಎರಡು ವರಹ ಆತನ ಬಿಡಾರಕ್ಕೆ ತಲುಪುತ್ತಿದ್ದವು. ವಾರಕ್ಕೆರಡು ಸಲ ಸಂಜೆಯ ಹೊತ್ತು ಅರಸನು ಕರೆಸಿಕೊಂಡು ಶಾರುಖನ ವಿಷಯವನ್ನು ವಿಚಾರಿಸುತ್ತಿದ್ದನು. ಪ್ರತಿ ಸಲವೂ ವೀಳ್ಯ, ಪಣ, ಕರ್ಪೂರಗಳ ಮನ್ನಣೆ ನಡೆಯುತ್ತಿತ್ತು.

ಈ ಪಟ್ಟಿಯನ್ನು ಎಚ್ಚರದಿಂದ ಓದಬೇಕು. ಅರಮನೆಯ ಅಡುಗೆಮನೆಯಿಂದ ಬೆಂದ ಅನ್ನ ಬರಲಿಲ್ಲ. ಬಂದದ್ದು ಪಡಿ, ಅಂದರೆ ಬೇಯಿಸದ ಸಾಮಗ್ರಿ. ಅತಿಥಿ ತನ್ನ ಒಲೆಯಲ್ಲಿ, ತನ್ನ ವಿಧಿಯಂತೆ ಅದನ್ನು ಬೇಯಿಸಿಕೊಳ್ಳಬಹುದಾಗಿತ್ತು. ಮುಸಲ್ಮಾನನಿಗೆ ಪ್ರಾಣಿಯನ್ನು ಕೊಯ್ಯುವ ಕ್ರಮವೂ ಧರ್ಮದ ವಿಷಯವೇ ಆದ್ದರಿಂದ ಜೀವಂತ ಕುರಿ, ಕೋಳಿಗಳನ್ನು ಒಪ್ಪಿಸುವುದು ಆತನಿಗೆ ಅನುಕೂಲವಾಗಿತ್ತು. ತಾನು ಉಣ್ಣದ್ದನ್ನು ಅತಿಥಿಗೆ ಉಣಬೇಡವೆನ್ನಲಿಲ್ಲ, ಅತಿಥಿ ಉಣ್ಣುವುದನ್ನು ತಾನು ಉಣ್ಣಬೇಕಾಗಿಯೂ ಬರಲಿಲ್ಲ. ಕೂಡಿ ಉಣ್ಣಲಾಗದ ಕೊರತೆಯನ್ನು ಹೊನ್ನಿನ ಚೀಲ ತುಂಬಿತು. ಇಬ್ಬರೂ ಸಂಕೋಚವಿಲ್ಲದೆ ಸವಿಯಬಹುದಾದ ಒಂದೇ ವಸ್ತುವಾಗಿ ತಾಂಬೂಲ ಉಳಿಯಿತು. ಅಬ್ದುರ್ ರಜಾಕನು ಎಲೆ, ಅಡಿಕೆ, ಸುಣ್ಣಗಳ ಗುಣವನ್ನು ಹೊಗಳಿರುವುದು ಅಚ್ಚರಿಯಲ್ಲ.

ಪಡಿಯ ಬೆಲೆ ಎಷ್ಟೆಂಬುದು ಅದು ನಿಂತಾಗ ತಿಳಿಯಿತು. ಈತ ನಿಜವಾದ ರಾಯಭಾರಿಯಲ್ಲವೆಂದು ಹೊರ್ಮುಜಿನ ವ್ಯಾಪಾರಿಗಳು ಸುದ್ದಿ ಹಬ್ಬಿಸಿದರು. ದಣ್ಣಾಯಕನು ಕಲಬುರ್ಗಿಯ ದಂಡಯಾತ್ರೆಗೆ ಹೋಗಿದ್ದಾಗ ಆತನ ಸ್ಥಾನದಲ್ಲಿದ್ದ ಅಧಿಕಾರಿ ನಿತ್ಯದ ಪಡಿಯನ್ನು ನಿಲ್ಲಿಸಿದನು. ದಣ್ಣಾಯಕನು ಮರಳಿ ಬಂದು ಆ ಅಧಿಕಾರಿಯನ್ನು ಗದರಿಸಿ ಏಳು ಸಾವಿರ ವರಹಗಳನ್ನು ಕೊಡಿಸಿದ ಮೇಲೆ ಮಾನ ಮರಳಿತು. ಅಕ್ಕಿ ಬೆಣ್ಣೆಗಳು ಹೊಟ್ಟೆಗೆ ಮಾತ್ರ ಸಂಬಂಧಿಸಿದವಲ್ಲ, ಅತಿಥಿಯ ಸ್ಥಾನಮಾನದ ಮುದ್ರೆಗಳೂ ಹೌದು.

ಇದೇ ದೇವರಾಯನು 1426ರಲ್ಲಿ ವಿಜಯನಗರದ ಪಾನಸುಪಾರಿ ಬೀದಿಯಲ್ಲಿ ಪಾರ್ಶ್ವನಾಥನಿಗೆ ಕಲ್ಲಿನ ಚೈತ್ಯಾಲಯವನ್ನು ಕಟ್ಟಿಸಿದನೆಂಬುದು ಶಾಸನೋಕ್ತ. 1439ರಲ್ಲಿ ಅದೇ ನಗರದಲ್ಲಿ ಅಹಮದ್ ಖಾನನು ಮಸೀದಿಯನ್ನು ಕಟ್ಟಿಸಿದನು. ಕುರಿಯ ಪಡಿ ಪಡೆಯುವ ರಾಯಭಾರಿ, ಹೊತ್ತು ಮುಳುಗಿದ ಮೇಲೆ ಉಣ್ಣದ ಶ್ರಾವಕ, ವೀಳ್ಯ ಮಾರುವ ಅಂಗಡಿಯವರು ಒಂದೇ ಪೇಟೆಯಲ್ಲಿ ಓಡಾಡಿದರು. ಅವರನ್ನು ಒಂದು ಪಂಕ್ತಿಯಲ್ಲಿ ಕೂರಿಸುವ ಹಟವನ್ನು ಆ ಕಾಲ ತೊಡಲಿಲ್ಲ.

ಬುಖಾರಾದ ಯಹೂದಿಗಳ ನಿದರ್ಶನ

ಉಜ್ಬೇಕ್ ಅಡುಗೆಯೊಳಗೇ ಇಂಥ ಇನ್ನೊಂದು ಚರಿತ್ರೆ ಅಡಗಿದೆ. ಬುಖಾರಾ, ಸಮರ್ಖಂದಗಳಲ್ಲಿ ಶತಮಾನಗಳ ಕಾಲ ಅಲ್ಪಸಂಖ್ಯಾತರಾಗಿ ಬಾಳಿದ ಯಹೂದಿಗಳು ತಮ್ಮ ಆಹಾರವಿಧಿಯನ್ನು ಕೈಬಿಡಲಿಲ್ಲ. ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಕೂಡಿಸುವಂತಿಲ್ಲ, ತಮ್ಮ ವಿಧಿಯಂತೆ ಕೊಯ್ದ ಪ್ರಾಣಿಯ ಮಾಂಸವನ್ನಲ್ಲದೆ ತಿನ್ನುವಂತಿಲ್ಲ, ಶಬ್ಬತ್ತಿನ ದಿನ ಬೆಂಕಿ ಹೊತ್ತಿಸುವಂತಿಲ್ಲ ಎಂಬ ನಿಯಮಗಳನ್ನಿಟ್ಟುಕೊಂಡೇ ನೆರೆಯವರ ಪಲೋವನ್ನು ತಮ್ಮದಾಗಿಸಿಕೊಂಡರು. ಕೊತ್ತಂಬರಿಯಿಂದ ಹಸಿರಾದ ಬಖ್ಷ್ ಅವರದೇ ಪಾಕ. ಶುಕ್ರವಾರ ಸೂರ್ಯಾಸ್ತಕ್ಕೆ ಮೊದಲೇ ಒಲೆಯ ಮೇಲಿಟ್ಟು ರಾತ್ರಿಯಿಡೀ ಸಣ್ಣ ಕಾವಿನಲ್ಲಿ ಬಿಡುವ ಓಷಿ ಸಬೋ ಕೂಡ ಅವರದೇ. ಸೋವಿಯತ್ ಒಕ್ಕೂಟ ಒಡೆದ ಕಾಲದಲ್ಲಿ ಬಹಳ ಮಂದಿ ವಲಸೆ ಹೋದರು. ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ಇಂದು ಅನೇಕ ಬುಖಾರಿ ಭೋಜನಶಾಲೆಗಳು ಯಹೂದಿ ವಿಧಿಯಂತೆಯೇ ನಡೆಯುತ್ತವೆ.

ಜೈನನೂ ಯಹೂದಿಯೂ ಸೂರ್ಯಾಸ್ತದ ಗೆರೆಯಿಂದ ಅಡುಗೆಮನೆಯನ್ನು ಅಳೆಯುತ್ತಾರೆ. ಕಾರಣಗಳು ಬೇರೆ, ಶಿಸ್ತು ಒಂದೇ ಬಗೆಯದು. ಅಂಥ ಭೋಜನಶಾಲೆಗೆ ಹೋದ ಶ್ರಾವಕನಿಗೆ ಅಲ್ಲಿ ಉಣ್ಣಲು ಹೆಚ್ಚೇನೂ ದೊರೆಯಲಿಕ್ಕಿಲ್ಲ. ಆದರೆ ತಟ್ಟೆಯಲ್ಲಿ ಏನಿದೆ ಎಂದು ಕೇಳುವವನನ್ನು ವಿಚಿತ್ರವೆಂದು ನೋಡದ ಜನ ಅಲ್ಲಿರುತ್ತಾರೆ. ಪರನಾಡಿನಲ್ಲಿ ಬಾಳಬೇಕಾದರೆ ಆಹಾರವಿಧಿಯನ್ನು ಬಿಡಲೇಬೇಕು ಎಂಬ ವಾದಕ್ಕೆ ಬುಖಾರಾದ ಯಹೂದಿಗಳ ಬದುಕು ಸಾಕಷ್ಟು ಉತ್ತರ.

ಕೂಡಿ ಉಣ್ಣದ ಔದಾರ್ಯ

ದೇವರಾಯನ ನಡೆ ಜೈನರಿಗೆ ಹೊಸದೇನಲ್ಲ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಆಹಾರದಾನವೂ ಒಂದು. ಶ್ರಾವಕನ ಶಿಕ್ಷಾವ್ರತಗಳಲ್ಲಿ ಅತಿಥಿಸಂವಿಭಾಗವೂ ಒಂದು. ದಿಗಂಬರ ಮುನಿ ದಿನಕ್ಕೊಂದೇ ಸಲ, ನಿಂತುಕೊಂಡು, ಅಂಗೈಯನ್ನೇ ಪಾತ್ರೆಯಾಗಿಸಿ ಆಹಾರ ಸ್ವೀಕರಿಸುತ್ತಾನೆ. ಶ್ರಾವಕರು ಸುತ್ತ ನಿಂತು ಒಂದೊಂದೇ ತುತ್ತು ನೀಡುತ್ತಾರೆ, ಮುನಿಯೊಡನೆ ಯಾರೂ ಉಣ್ಣುವುದಿಲ್ಲ. ಕೂಡಿ ಉಣ್ಣದೆಯೇ ಆತಿಥ್ಯವು ಅದರ ಪರಮಾವಸ್ಥೆಯನ್ನು ಮುಟ್ಟುವ ಪ್ರಸಂಗ ಇದು. ದೂಧಗಂಗಾ, ವೇದಗಂಗಾ ನದಿಗಳು ಕೂಡುವಲ್ಲಿ ಇರುವ ಭೋಜ ಗ್ರಾಮವು ಆಚಾರ್ಯ ಶಾಂತಿಸಾಗರರ ಊರು. 1872ರಲ್ಲಿ ಹುಟ್ಟಿ 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟ ಅವರು ಇಪ್ಪತ್ತನೆಯ ಶತಮಾನದಲ್ಲಿ ದಿಗಂಬರ ಮುನಿಚರ್ಯೆಯನ್ನು ಪುನರುಜ್ಜೀವನಗೊಳಿಸಿದವರು. ಶೇಡಬಾಳದ ವಿದ್ಯಾನಂದರು, ಸದಲಗಾದ ವಿದ್ಯಾಸಾಗರರು ಇದೇ ಸೀಮೆಯವರು. ಈ ಭಾಗದ ಮಕ್ಕಳಿಗೆ ಆಹಾರದಾನವು ಪುಸ್ತಕದ ಮಾತಲ್ಲ, ಕಣ್ಣಾರೆ ಕಂಡದ್ದು.

ಪಂಪನ ಆದಿಪುರಾಣವನ್ನು (941) ಓದಿದವರಿಗೆ ವೃಷಭನಾಥನ ಮೊದಲ ಪಾರಣೆಯ ಕಥೆ ಗೊತ್ತು. ದೀಕ್ಷೆ ಪಡೆದ ಆದಿದೇವನು ಊರೂರು ಅಲೆದಾಗ ಜನರು ಭಕ್ತಿಯಿಂದ ರತ್ನ, ವಸ್ತ್ರ, ವಾಹನಗಳನ್ನು ತಂದು ಒಡ್ಡಿದರು. ಮುನಿಗೆ ಏನನ್ನು ಹೇಗೆ ಕೊಡಬೇಕೆಂಬುದು ಅವರಿಗೆ ತಿಳಿದಿರಲಿಲ್ಲ. ತಿಂಗಳುಗಳ ಉಪವಾಸದ ನಂತರ ಹಸ್ತಿನಾಪುರದಲ್ಲಿ ಶ್ರೇಯಾಂಸನು ಜಾತಿಸ್ಮರಣೆಯಿಂದ ವಿಧಿಯನ್ನರಿತು ಕಬ್ಬಿನ ರಸವನ್ನು ನೀಡಿದನು. ಅಕ್ಷಯ ತೃತೀಯೆ ಅದರ ಸ್ಮರಣೆ. ಕಬ್ಬಿನ ಗದ್ದೆಗಳ ನಡುವೆ ಇರುವ ಬೇಡಕಿಹಾಳದಂಥ ಊರಿನವರಿಗೆ ಈ ಕಥೆ ಮನೆಯ ಮಾತೇ. ಕಥೆಯ ತಿರುಳು ಕಬ್ಬಿನ ಸಿಹಿಯಲ್ಲಿಲ್ಲ. ಕೊಡುವವನ ಭಕ್ತಿ ಎಷ್ಟೇ ದೊಡ್ಡದಾಗಲಿ, ಪಡೆಯುವವನ ವಿಧಿಯನ್ನು ಅರಿಯದಿದ್ದರೆ ಅದು ದಾನವಾಗದು. ಮುನಿಗೆ ರತ್ನ ನೀಡಿದವರು ತಪ್ಪಿದರು, ರಸ ನೀಡಿದವನು ಗೆದ್ದನು. ರಾಯಭಾರಿಯ ವಿಷಯದಲ್ಲಿ ವಸ್ತು ಬೇರೆಯಾದರೂ ನ್ಯಾಯ ಇದೇ. ಅತಿಥಿಯ ವಿಧಿಯನ್ನೂ ತನ್ನ ವಿಧಿಯನ್ನೂ ಅರಿತಿದ್ದರಿಂದ ದೇವರಾಯನ ಪಡಿ ಸಂದಿತು.

ಪಡೆಯುವವನಿಗೂ ಒಂದು ಕರ್ತವ್ಯವಿದೆ. ತನ್ನ ವಿಧಿ ಏನೆಂಬುದನ್ನು ಮುಚ್ಚಿಡದೆ, ಎದುರಿನವರ ಊಟವನ್ನು ಹೀನಾಯವಾಗಿಸದೆ, ಸ್ಪಷ್ಟವಾಗಿ ತಿಳಿಸಬೇಕು. ಹೊರದೇಶದಲ್ಲಿ ಎರಡು ಬಗೆಯ ಸೋಲುಗಳು ಎದುರಾಗುತ್ತವೆ. ಸಂಕೋಚದಿಂದ ಮೌನವಾಗಿ ವ್ರತವನ್ನು ಕಳೆದುಕೊಳ್ಳುವುದು ಒಂದು. ವ್ರತದ ಹೆಮ್ಮೆಯಿಂದ ಎದುರಿನವರ ತಟ್ಟೆಯನ್ನು ಕಂಡು ಮುಖ ತಿರುಗಿಸುವುದು ಇನ್ನೊಂದು. ಮೊದಲನೆಯದರಲ್ಲಿ ಆಚಾರ ಸೋಲುತ್ತದೆ, ಎರಡನೆಯದರಲ್ಲಿ ಅಹಿಂಸೆಯೇ ಸೋಲುತ್ತದೆ. ಮಾತಿನಿಂದ ನೋಯಿಸುವುದೂ ಹಿಂಸೆಯೆಂದು ಶಾಸ್ತ್ರ ಹೇಳುತ್ತದೆ. ಸದಲಗಾದಲ್ಲಿ ಹುಟ್ಟಿ ಪ್ರಾಕೃತ ವಿದ್ಯೆಯಲ್ಲಿ ಜಗತ್ತಿನ ಮನ್ನಣೆ ಪಡೆದ ಆ. ನೇ. ಉಪಾಧ್ಯೆಯವರು 1971ರಲ್ಲಿ ಕ್ಯಾನ್‌ಬೆರಾ, 1973ರಲ್ಲಿ ಪ್ಯಾರಿಸ್ ನಗರಗಳ ಪ್ರಾಚ್ಯವಿದ್ಯಾ ಸಮ್ಮೇಳನಗಳಿಗೆ ಹೋಗಿಬಂದರು. ಈ ನೆಲದವರು ಹೊರಜಗತ್ತಿನೊಡನೆ ಕೂಡಿ ಚಿಂತಿಸಿದ್ದಾರೆ. ಕೂಡಿ ಚಿಂತಿಸಲು ಕೂಡಿ ಒಂದೇ ಪದಾರ್ಥವನ್ನು ತಿನ್ನಬೇಕಾಗಿಲ್ಲ.

ಉಜ್ಬೇಕರ ಮೇಜಿನ ಮೇಲೆ ಪಲೋವ್ ಒಂದೇ ಇರುವುದಿಲ್ಲ. ಕೊಬ್ಬು ಬೆರೆಸದ ನಾನ್ ಇದೆಯೆ ಎಂದು ಕೇಳಬಹುದು. ಕರಬೂಜ, ದ್ರಾಕ್ಷಿ, ಒಣ ಜರ್ದಾಳು, ಬಾದಾಮಿ, ಕಲ್ಲುಸಕ್ಕರೆ, ಹಸಿರು ಚಹಾ ಅಲ್ಲಿ ಸಹಜವಾಗಿ ಇರುತ್ತವೆ. ಹೊತ್ತು ಮುಳುಗುವ ಮೊದಲಾದರೆ ಬಹುತೇಕ ಶ್ರಾವಕರಿಗೆ ಇವುಗಳಲ್ಲಿ ಅಡ್ಡಿಯಿಲ್ಲ. ಅದೂ ಸಲ್ಲದ ಕಟ್ಟುನಿಟ್ಟಿನ ವ್ರತಿಗೆ ಕುಳಿತು ಮಾತನಾಡುವ ಸ್ನೇಹ ಉಂಟು. 1443ರಲ್ಲಿ ವೀಳ್ಯದೆಲೆ ಮಾಡಿದ ಕೆಲಸವನ್ನು ಇಂದು ಒಂದು ಬಟ್ಟಲು ಚಹಾ ಮಾಡಬಲ್ಲದು. ಸಮರ್ಖಂದದ ಮನೆತನದವನು ಕನ್ನಡನಾಡಿನಲ್ಲಿ ಏಳೆಂಟು ತಿಂಗಳು ಇದ್ದು, ಅರಸನೊಡನೆ ಒಂದು ಸಲವೂ ಉಣ್ಣದೆ, ಆ ನಾಡಿನ ಆತಿಥ್ಯವನ್ನು ಲೋಕಕ್ಕೆ ಸಾರುವ ಗ್ರಂಥವನ್ನು ಬರೆದನು. ಕೂಡಿ ಉಣ್ಣಲಿಲ್ಲವೆಂಬ ಸಂಗತಿಯನ್ನು ಆತ ಅವಮಾನವೆಂದು ಬರೆಯಲಿಲ್ಲ, ಮನ್ನಣೆಯೆಂದು ಬರೆದನು.